ದಾಸೋಹದ ಉಗ್ರಾಣ



ಪಂಕ್ತಿಯಲ್ಲಿ ಕಾಣುವ ದಾಸೋಹಕ್ಕೆ ಉಗ್ರಾಣವೇ ಮೂಲವು. ಅಪರಾತ್ರಿಯಲ್ಲಿ ಬಂದ ಜಂಗಮರಿಗೆ ಕಾಯಿಪಲ್ಯವಿಲ್ಲವೆನ್ನಬಹುದು, ಪ್ರಸಾದವಿಲ್ಲವೆನ್ನಲಾಗದು. ಆದುದರಿಂದಲೇ ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿಯೂ, ಹುಳು ಹತ್ತದಂತೆ ಕೆಮ್ಮಣ್ಣು ಕಟ್ಟಿದ ತೊಗರಿಯನ್ನು ಗುಡಾಣಗಳಲ್ಲಿಯೂ ಕಾಪಾಡಿದರು. ನೆನೆಸಬೇಕಾಗಿಲ್ಲದ ಹೆಸರುಬೇಳೆಯನ್ನು ಇಂತಹ ಹೊತ್ತಿಗೆಂದೇ ಪ್ರತ್ಯೇಕವಾಗಿಡುವುದು ಲೇಸು. ಹುರುಳಿ, ಕಡಲೆಗಳನ್ನಾದರೋ ಹಿಂದಿನ ರಾತ್ರಿಯೇ ನೆನೆಯಿಡತಕ್ಕುದು. ಕಾಳು ಮೆತ್ತಗಾಗುವ ಮುನ್ನ ಹುಣಿಸೆಯ ಹುಳಿಯನ್ನು ಹಾಕಿದರೆ, ಸೌದೆಯೆಷ್ಟು ಉರಿದರೂ ಅದು ಬೇಗನೆ ಬೇಯದು. ಅವಸರದ ಅಡಿಗೆಯವರು ಇದನ್ನು ಮರೆಯುವರು. ವರ್ಷಗಳು ಕಳೆದ ಕಾಳೂ ಗಡುಸಾಗುವುದರಿಂದ ಹಳೆಯದನ್ನು ಮೊದಲು ತೆಗೆಯಬೇಕು. ಆದರೆ ಹಳೆಯದು ಬಡವರ ಪಂಕ್ತಿಗೆ, ಹೊಸದು ಸಿರಿವಂತರ ಪಂಕ್ತಿಗೆ ಎಂಬ ಭೇದವು ಮಠದ ಉಗ್ರಾಣಕ್ಕೆ ಸಲ್ಲದು. ಹುರುಳಿ ಬೆಂದ ಕಟ್ಟನ್ನು ಚೆಲ್ಲದೆ ಸಾರು ಮಾಡಿರಿ. ಬಸಿದ ಕಾಳು ಪಲ್ಯಕ್ಕೊದಗುವುದು, ರೊಟ್ಟಿಗೆ ಅದೇ ಸಾಕು.