ಕಣ್ಣೂರು ಕೋಟೆಯ ಸೇಡು



ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರಲ್ಲಿ ವಿರಾಜಪೇಟೆ ಕಟ್ಟಿಸಿದ್ದು ಒಂದು ಭೇಟಿಯ ನೆನಪಿಗೆ. ಹಿಂದಿನ ವರ್ಷ ಟಿಪ್ಪುವಿನ ಮೇಲೆ ದಂಡೆತ್ತಿ ಹೊರಟ ಬ್ರಿಟಿಷರ ಬಾಂಬೆ ಸೈನ್ಯದ ಜನರಲ್ ಅಬರ್‌ಕ್ರಾಂಬಿ ಮಲಬಾರಿನಿಂದ ಘಾಟಿ ಹತ್ತಿ ಬಂದಾಗ ನಮ್ಮ ರಾಜ ಅವನನ್ನು ಎದುರುಗೊಂಡಿದ್ದ. ಅದೇ ಸೈನ್ಯ ಕೆಲವೇ ತಿಂಗಳ ಹಿಂದೆ, 1790ರ ಕೊನೆಯಲ್ಲಿ, ಕಣ್ಣೂರಿನಲ್ಲಿ ಅಲ್ಲಿನ ಆಡಳಿತಗಾರ್ತಿ ಅರಕ್ಕಲ್ ಬೀಬಿಯ ಕೈಯಿಂದ ಸಮುದ್ರದಂಚಿನ ಕೋಟೆಯನ್ನು ಕಿತ್ತುಕೊಂಡಿತ್ತು. ಆ ಕೋಟೆ ಬೀಬಿಯ ಮನೆತನಕ್ಕೆ ಹೇಗೆ ಬಂತು ಎಂಬುದೇ ಇವತ್ತಿನ ನನ್ನ ಮಾತು.

ಅದನ್ನು ಕಟ್ಟಿದ್ದು 1505ರಲ್ಲಿ, ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಡಾ. ಹೆಸರು ಸೇಂಟ್ ಆಂಜೆಲೊ. ಆ ನಾಡಿನ ಕೋಲತ್ತಿರಿ ರಾಜನ ಒಪ್ಪಿಗೆ ಇತ್ತು. ಆ ಹೊತ್ತಿಗೆ ಸಮುದ್ರವೇ ತಮ್ಮದೆಂದು ಪೋರ್ಚುಗೀಸರು ಸಾರಿಯಾಗಿತ್ತು. ಅವರ ರಹದಾರಿ ಇಲ್ಲದ ಹಡಗು ಸಿಕ್ಕಿದರೆ ಸರಕೂ ಹೋಯಿತು, ಜೀವವೂ ಹೋಯಿತು. ಸಾವಿರಾರು ವರ್ಷ ಯಾರನ್ನೂ ಕೇಳದೆ ಓಡಾಡಿದ ನೀರಿನಲ್ಲಿ ಓಡಾಡಲು ಪರದೇಶಿಯಿಂದ ಚೀಟಿ ಪಡೆಯಬೇಕಾಯಿತು.

ಕಣ್ಣೂರಿನ ದೊಡ್ಡ ವರ್ತಕ ಮಮ್ಮಾಲಿ. ಮಾಲ್ಡೀವ್ಸ್ ದ್ವೀಪಗಳವರೆಗೂ ಅವನ ಕೈ ಚಾಚಿತ್ತು. ಅಲ್ಲಿನ ತೆಂಗಿನ ನಾರಿನ ಹಗ್ಗ ಈ ಕರಾವಳಿಯಲ್ಲಿ ಹಡಗು ಕಟ್ಟುವವರಿಗೆ ಬಹಳ ಬೇಕಾಗಿತ್ತು. ಕೋಟೆ ಎದ್ದು ಎರಡು ವರ್ಷವೂ ತುಂಬಿರಲಿಲ್ಲ, ಗೊನ್ಸಾಲೊ ವಾಸ್ ಎಂಬ ಕಪ್ತಾನ ಕಣ್ಣೂರಿನ ಹಡಗೊಂದನ್ನು ತಡೆದ. ಹಡಗಿನವರು ರಹದಾರಿ ತೋರಿಸಿದರು. ಅದರ ಮೇಲೆ ಇದ್ದದ್ದು ಕೋಟೆಯ ಅಧಿಕಾರಿ ಲೊರೆನ್ಸೊ ದ ಬ್ರಿಟೊನ ರುಜು. ಸುಳ್ಳು ರುಜು ಎಂದ ವಾಸ್. ಹಡಗನ್ನು ದೋಚಿ ಮುಳುಗಿಸಿದ. ಆಮೇಲೆ ಅವನು ಮಾಡಿದ್ದನ್ನು ಹೇಳಲು ನಾಲಿಗೆ ತಡವರಿಸುತ್ತದೆ. ನಾವಿಕರನ್ನು ಹಾಯಿಬಟ್ಟೆಯೊಳಗೆ ಹಾಕಿ ಹೊಲಿದು, ಗುರುತೇ ಉಳಿಯದಿರಲೆಂದು, ಕಡಲಿಗೆ ಎಸೆದ.

ಕಡಲು ಅವರನ್ನು ಇಟ್ಟುಕೊಳ್ಳಲಿಲ್ಲ. ಹೆಣಗಳು ಕಣ್ಣೂರಿನ ದಡಕ್ಕೇ ಬಂದವು. ಅವುಗಳಲ್ಲಿ ಒಂದು ಮಮ್ಮಾಲಿಯ ಸೋದರಳಿಯನದು. ತುಳುನಾಡಿನ ಅಳಿಯಸಂತಾನ ಬಲ್ಲ ನಮಗೆ ಇದರ ಭಾರ ಬೇಗ ತಿಳಿಯುತ್ತದೆ. ಕಣ್ಣೂರಿನ ಮಾಪಿಳ್ಳೆ ಮನೆತನಗಳಲ್ಲೂ ತಾಯಿಯ ಕಡೆಯಿಂದಲೇ ವಂಶ ನಡೆಯುತ್ತಿತ್ತು. ದಡಕ್ಕೆ ಬಂದದ್ದು ಮನೆಯನ್ನು ಮುಂದೆ ನಡೆಸಬೇಕಾಗಿದ್ದ ಹುಡುಗನ ದೇಹ.

ಮಮ್ಮಾಲಿಯ ಕಡೆಯವರು ಕೋಲತ್ತಿರಿಯ ಮುಂದೆ ನ್ಯಾಯ ಕೇಳಿದರು. ಪೋರ್ಚುಗೀಸರ ಗೆಳೆಯನಾಗಿದ್ದ ಹಳೆಯ ರಾಜ ತೀರಿಕೊಂಡಿದ್ದ. ಹೊಸಬ ಕಲ್ಲಿಕೋಟೆಯ ದೊರೆ ಸಾಮೂದಿರಿಯ ಜೊತೆ ಸೇರಿ 1507ರ ಏಪ್ರಿಲಿನಲ್ಲಿ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆಯ ಬಾವಿ ಗೋಡೆಯಿಂದ ಹೊರಗಿತ್ತು. ಒಂದೊಂದು ಕೊಡ ನೀರಿಗೂ ರಕ್ತ ಹರಿಯಿತು. ಕೊನೆಗೆ ಪೋರ್ಚುಗೀಸರು ನೆಲದಡಿಯಲ್ಲಿ ಸುರಂಗ ಕೊರೆದು ಬಾವಿಗೆ ದಾರಿ ಮಾಡಿಕೊಂಡರು. ಹೊರಗಿನವರು ಹತ್ತಿಯ ಮೂಟೆಗಳನ್ನು ಗೋಡೆಯಂತೆ ಮುಂದೆ ತಳ್ಳುತ್ತ ಬಂದರು. ಒಳಗೆ ಕಾಯಿಲೆ, ಹಸಿವು. ಆಗಸ್ಟ್ ನಡುವಿನಲ್ಲಿ ಅಲೆಗಳು ಕಡಲ ಸಿಗಡಿಗಳನ್ನು ರಾಶಿರಾಶಿಯಾಗಿ ದಡಕ್ಕೆ ತಂದು ಸುರಿದವಂತೆ. ಪೋರ್ಚುಗೀಸ್ ಚರಿತ್ರಕಾರರು ಅದನ್ನು ಮೇರಿ ಮಾತೆಯ ಪವಾಡವೆಂದೇ ಬರೆದರು. ಆಗಸ್ಟ್ 27ರಂದು ತ್ರಿಸ್ತಾವ್ ದ ಕುನ್ಹಾನ ಹಡಗುಗಳು ಬಂದು ಮುತ್ತಿಗೆ ಒಡೆಯಿತು, ಸಂಧಿಯಾಯಿತು. ಸೇಡು ತೀರಲಿಲ್ಲ.

ಮಮ್ಮಾಲಿ ಅದೇ ಪೋರ್ಚುಗೀಸರೊಡನೆ ಮತ್ತೆ ವ್ಯಾಪಾರಕ್ಕೆ ಕುಳಿತ. ಇದನ್ನು ಹೇಡಿತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು, ಕಡಲಲ್ಲಿ ಹಡಗುಗಳಿದ್ದವು. ಕಪ್ತಾನನ ತಲೆ ತೆಗೆಯುವುದು ಒಂದು ದಿನದ ಕೆಲಸ, ಕಡಲ ಮೇಲೆ ಮನೆತನವನ್ನು ಉಳಿಸುವುದು ತಲೆಮಾರುಗಳ ಕೆಲಸ. ಅದಕ್ಕೂ ಬೆಲೆ ತೆರಬೇಕಾಯಿತು. 1525ರಲ್ಲಿ ಗವರ್ನರ್ ಎನ್ರಿಕೆ ದ ಮೆನೆಸೆಸ್ ಮಮ್ಮಾಲಿಯ ಬಂಧು ಬಾಲ ಹಸನ್‌ನನ್ನು ಕಣ್ಣೂರಿನಲ್ಲೇ ಗಲ್ಲಿಗೇರಿಸಿದ. ಬಿಡುಗಡೆಗೆ ಎಷ್ಟು ಹಣ ಒಡ್ಡಿದರೂ ಕೇಳಲಿಲ್ಲ.

ಫ್ರೆಂಚ್ ಇತಿಹಾಸಕಾರ್ತಿ ಜೆನೆವೀವ್ ಬುಶೋನ್ 1975ರಲ್ಲಿ ಮಮ್ಮಾಲಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅರಕ್ಕಲ್ ದೊರೆಗಳ ಶಕ್ತಿಯ ಬೇರನ್ನು ಅವರು ಹುಡುಕಿದ್ದು ಅವನ ಕಾಲದಲ್ಲೇ. ಈ ಮನೆತನ ಲಕ್ಷದ್ವೀಪವನ್ನು ಆಳಿತು. ಗಂಡಾಗಲಿ ಹೆಣ್ಣಾಗಲಿ, ಮನೆಗೆ ಹಿರಿಯರಾದವರೇ ಪಟ್ಟಕ್ಕೆ ಬಂದರು. ಗಂಡಾದರೆ ಆಲಿ ರಾಜ, ಹೆಣ್ಣಾದರೆ ಬೀಬಿ. ಇತ್ತ 1663ರಲ್ಲಿ ಡಚ್ಚರು ಪೋರ್ಚುಗೀಸರನ್ನು ಓಡಿಸಿ ಕೋಟೆ ಹಿಡಿದರು. ನೂರು ವರ್ಷದಲ್ಲಿ ಅವರಿಗೂ ಅದು ಹೊರೆಯಾಯಿತು. 1772ರಲ್ಲಿ ಮಾರಾಟಕ್ಕಿಟ್ಟಾಗ ಕೊಂಡವನು ಅರಕ್ಕಲ್‌ನ ಆಲಿ ರಾಜ.

ಕಾಗದದಲ್ಲಿ ಅದು ಬರೀ ಕ್ರಯ. ನಾನು ಅದನ್ನು 265 ವರ್ಷ ಕಾದ ಸೇಡು ಎಂದೇ ಓದುತ್ತೇನೆ. ಯಾವ ಅಧಿಕಾರಿಯ ರುಜುವನ್ನು ನಂಬಿ ಆ ಹುಡುಗ ಹಡಗು ಹತ್ತಿದ್ದನೋ, ಆ ಅಧಿಕಾರಿ ಕುಳಿತಿದ್ದ ಕೋಟೆಯ ಬೀಗದ ಕೈ ಕೊನೆಗೆ ಕಣ್ಣೂರಿನ ಕಡಲವರ ಸೊಂಟಕ್ಕೇ ಬಂತು. ಅಲ್ಲಿ ಅದು ಇದ್ದದ್ದು 18 ವರ್ಷ. ಬ್ರಿಟಿಷರು ಅಷ್ಟಕ್ಕೇ ಕಿತ್ತುಕೊಂಡರೆಂದು ನಾನು ಅದನ್ನು ಸೋಲೆಂದು ಕರೆಯಲಾರೆ.

ಮಾಕುಟ್ಟದ ದಾರಿಯಲ್ಲಿ ಇಳಿದರೆ ಕಣ್ಣೂರು ನಮಗೆ ದೂರವಲ್ಲ. ಹೋದವರು ಕೋಟೆ ನೋಡಿ, ಕಡಲು ನೋಡಿ, ಹಿಂದಿರುಗುತ್ತಾರೆ. ಅರಕ್ಕಲ್ ದರ್ಬಾರು ಕಟ್ಟಡದಲ್ಲಿ ಈಗ ಮನೆತನದ ವಸ್ತುಸಂಗ್ರಹಾಲಯವಿದೆ. ಈ ಸಲ ಅಲ್ಲಿಗೂ ಹೋಗಿ, ಮಕ್ಕಳನ್ನೂ ಕರೆದುಕೊಂಡು.