ಯಾರ ಗಾಯ ಮೊದಲು?

(ಶಹಾಪುರದಲ್ಲಿ ಕೂಡಿದ್ದ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಯುದ್ಧದ ಮಾತು ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾವು ಇಲ್ಲಿ ಮಗ್ಗ ನಡೆಸುವವರು, ಕಬ್ಬು ಕಡಿಯುವವರು. ತೋಟದ ಕಡೆಯಿಂದ ಬಂದಿರುವ ನೀವು ಲೈನು ಮನೆಗಳಲ್ಲಿ ಬಾಳುವವರು. ಆದರೂ ಯುದ್ಧ ನಮಗೆ ದೂರದ್ದೇನೂ ಅಲ್ಲ. ಇಲ್ಲಿಯೇ ಶಿರೋಳ ತಾಲೂಕಿನಲ್ಲಿ ಒಂದು ಊರಿಗೆ ಸೈನಿಕ ಟಾಕಳಿ ಎಂದೇ ಹೆಸರು. ಗಡಹಿಂಗ್ಲಜ ಕಡೆಯ ಹುಡುಗರು ಎದೆಯ ಅಳತೆ ಕೊಟ್ಟು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರುವುದನ್ನು ನೋಡುತ್ತಲೇ ಬಂದಿದ್ದೇವೆ. ಆದರೆ ಈ ಸಂಜೆ ನಾನು ಹೇಳಹೊರಟಿರುವುದು ಗುಂಡು ಹಾರಿಸಿದವರ ಕಥೆಯಲ್ಲ. ಗುಂಡು ತಗಲಿದವನ ಪಕ್ಕದಲ್ಲಿ ಮೊಣಕಾಲೂರುವ ಡಾಕ್ಟರರ ಕಥೆ.

ಒಳ್ಳೆಯ ಸಮಾರ್ಯದವನ ಸಾಮತಿ ನಿಮಗೆಲ್ಲ ಗೊತ್ತು. ಅದರಲ್ಲಿ ಒಂದು ಮಾತನ್ನು ಗಮನಿಸಿರಿ. ಆ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನು ಒಬ್ಬನೇ. ಇಪ್ಪತ್ತು ಜನ ಬಿದ್ದಿದ್ದರೆ? ಚೀಲದಲ್ಲಿದ್ದ ಎಣ್ಣೆ ಇಬ್ಬರಿಗೆ ಮಾತ್ರ ಸಾಲುವಷ್ಟಿದ್ದರೆ? ಕತ್ತೆ ಒಂದೇ ಇದ್ದು, ಯಾರನ್ನು ಅದರ ಮೇಲೆ ಕೂರಿಸುವುದು ಎಂಬ ಪ್ರಶ್ನೆ ಬಂದಿದ್ದರೆ? ರಣರಂಗದ ಡಾಕ್ಟರನಿಗೆ ದಿನವೂ ಎದುರಾಗುವುದು ಈ ಪ್ರಶ್ನೆಯೇ. ಕರುಣೆ ಇದ್ದರಷ್ಟೇ ಅವನಿಗೆ ಸಾಲದು. ಯಾರು ಮೊದಲು ಎಂದು ನಿಂತ ನಿಲುವಿನಲ್ಲೇ ತೀರ್ಮಾನ ಮಾಡಬೇಕು.

ಹಳೆಯ ಕಾಲದ ಸೈನ್ಯಗಳಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಅಧಿಕಾರಿ ಮೊದಲು, ಸಿಪಾಯಿ ಆಮೇಲೆ. ಕಾಳಗ ಮುಗಿಯುವ ತನಕ ಸಾಮಾನ್ಯ ಸಿಪಾಯಿ ಬಿದ್ದಲ್ಲೇ ಬಿದ್ದಿರಬೇಕು. ಸಾಹೇಬರ ಮೊಣಕೈ ತರಚಿದರೆ ಜೀಪು, ಆಳಿನ ಕಾಲು ಮುರಿದರೆ ನಾಳೆ ನೋಡೋಣ ಎಂಬ ಪದ್ಧತಿ ಕಂಡ ನಮಗೆ ಇದು ಹೊಸದಲ್ಲ. ಇದನ್ನು ಬದಲಿಸಿದವರಲ್ಲಿ ಮೊದಲಿಗ ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರೆ. ಹಗುರವಾದ ಕುದುರೆಗಾಡಿಗಳನ್ನು ಮಾಡಿಸಿ, ಕಾಳಗ ನಡೆಯುತ್ತಿರುವಾಗಲೇ ಗಾಯಾಳುಗಳನ್ನು ಎತ್ತಿ ತರಿಸಿದರು. ಪದವಿ ನೋಡಬೇಡಿ, ಗಾಯ ನೋಡಿರಿ ಎಂಬುದು ಅವರ ನಿಯಮ. 1812ರಲ್ಲಿ ರಷ್ಯದ ಬೊರೊಡಿನೊ ಕಾಳಗದಲ್ಲಿ ಒಂದೇ ಹಗಲು ರಾತ್ರಿಯಲ್ಲಿ ಸುಮಾರು 200 ಜನರ ಕೈಕಾಲು ಕತ್ತರಿಸಿದರು. ಮತಿ ತಪ್ಪಿಸುವ ಔಷಧಿ ಆಗ ಇರಲಿಲ್ಲ. ಕ್ರೂರವೆಂದು ಕಾಣುತ್ತದೆ. ಆದರೆ ತಡಮಾಡಿದರೆ ನಂಜೇರಿ ಇಡೀ ಮನುಷ್ಯನೇ ಹೋಗುತ್ತಿದ್ದ.

ಗಾಯ ನೋಡಿರಿ ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಕೆಲವರು ಕಾಯಬಲ್ಲರು. ಕೆಲವರು ಈ ಗಳಿಗೆ ಕೈ ಹಾಕಿದರೆ ಬದುಕುವರು. ಇನ್ನು ಕೆಲವರು ಏನು ಮಾಡಿದರೂ ಉಳಿಯರು. ಈ ಮೂರನೆಯವನ ಮುಂದೆ ಎರಡು ತಾಸು ನಿಂತರೆ ಎರಡನೆಯ ಸಾಲಿನ ನಾಲ್ವರು ಸಾಯುತ್ತಾರೆ. ಹಾಗೆಂದು ಅವನನ್ನು ಸುಮ್ಮನೆ ಬಿಡುವಂತಿಲ್ಲ. ನೋವಿಗೆ ಮದ್ದು, ತುಟಿಗೆ ನೀರು, ಹಿಡಿಯಲು ಒಂದು ಕೈ ಅವನಿಗೂ ಸಲ್ಲಬೇಕು. ಸೈನ್ಯದವರು ಇನ್ನೊಂದು ವಾದವನ್ನೂ ಮುಂದಿಡುವುದುಂಟು. ಬೇಗ ಗುಣವಾಗಿ ಬಂದೂಕು ಹಿಡಿಯಬಲ್ಲವನನ್ನು ಮೊದಲು ನೋಡಿರಿ ಎನ್ನುತ್ತಾರೆ. ನನಗೆ ಈ ವಾದ ಒಪ್ಪಿಗೆಯಿಲ್ಲ. ಬೇಗ ಕೆಲಸಕ್ಕೆ ಬರುವವನಿಗೆ ಮಾತ್ರ ಔಷಧಿ ಎನ್ನುವ ಧಣಿಯ ಮಾತಿಗೂ ಇದಕ್ಕೂ ಹೆಚ್ಚು ಅಂತರ ಕಾಣುವುದಿಲ್ಲ. 1949ರ ಜಿನೀವಾ ಒಪ್ಪಂದದ ಹನ್ನೆರಡನೆಯ ವಿಧಿ ಸ್ಪಷ್ಟವಾಗಿದೆ. ಚಿಕಿತ್ಸೆಯ ಸರದಿಯಲ್ಲಿ ಒಬ್ಬನನ್ನು ಮುಂದಕ್ಕೆ ತರಲು ವೈದ್ಯಕೀಯ ತುರ್ತು ಒಂದೇ ಕಾರಣವಾಗಬಹುದು. ಶತ್ರುವಿನ ಗಾಯಾಳುವಿಗೂ ಇದೇ ಲೆಕ್ಕ. ನಮ್ಮ ದೇಶವೂ ಇದಕ್ಕಾಗಿ 1960ರಲ್ಲಿ ಕಾಯಿದೆ ಮಾಡಿದೆ.

ಸರದಿಗೆ ಇನ್ನೊಂದು ಮಗ್ಗುಲಿದೆ, ಅದು ದೂರ. ಡಾಕ್ಟರು ಎಷ್ಟು ದೂರದಲ್ಲಿ ನಿಲ್ಲುತ್ತಾರೆ ಎಂಬುದರ ಮೇಲೂ ಯಾರು ಬದುಕುತ್ತಾರೆ ಎಂಬುದು ನಿಂತಿದೆ. ಈ ಮಾತು ಬಂದಾಗ ನಮ್ಮ ನೆರೆಯ ಸೊಲ್ಲಾಪುರದ ದ್ವಾರಕಾನಾಥ ಕೋಟಣೀಸರನ್ನು ನೆನೆಯಲೇಬೇಕು. ಹುಟ್ಟಿದ್ದು 1910ರಲ್ಲಿ. ತಂದೆ ಗಿರಣಿಯಲ್ಲಿ ಗುಮಾಸ್ತರು. ಮಗ ಮುಂಬಯಿಯಲ್ಲಿ ವೈದ್ಯಕೀಯ ಕಲಿತರು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಕಾಂಗ್ರೆಸ್ಸು ಐವರು ಡಾಕ್ಟರರನ್ನು ಕಳಿಸಿತು. ಅವರಲ್ಲಿ ಕೋಟಣೀಸರೂ ಒಬ್ಬರು. ತಂದೆ ತೀರಿಕೊಂಡ ಸುದ್ದಿ ಮುಟ್ಟಿದ್ದು ಚೀನಾದಲ್ಲೇ. ಆದರೂ ಅವರು ಊರಿಗೆ ಮರಳಲಿಲ್ಲ.

ಅವರಿಗಿಂತ ಮುಂಚೆ ಅದೇ ಸೀಮೆಯಲ್ಲಿ ಕೆನಡಾ ದೇಶದ ನಾರ್ಮನ್ ಬೆಥೂನ್ ಎಂಬ ಡಾಕ್ಟರು ಕೆಲಸ ಮಾಡಿದ್ದರು. ಗಾಯಾಳು ನಮ್ಮಲ್ಲಿಗೆ ಬರಲೆಂದು ಕಾಯಬಾರದು, ನಾವೇ ಅವನ ಬಳಿಗೆ ಹೋಗಬೇಕೆಂಬುದು ಅವರ ಹಟ. ಹೇಸರಗತ್ತೆಯ ಮೇಲೆ ಆಪರೇಷನ್ ಸಾಮಾನು ಹೇರಿಕೊಂಡು ಗುಂಡಿನ ಸದ್ದು ಕೇಳುವಷ್ಟು ಹತ್ತಿರ ಹೋಗುತ್ತಿದ್ದರು. ಕೈಗವಸು ಇಲ್ಲದೆ ಆಪರೇಷನ್ ಮಾಡುವಾಗ ಬೆರಳಿಗೆ ಗಾಯವಾಗಿ, ನಂಜೇರಿ, 1939ರ ನವೆಂಬರ್ 12ರಂದು ತೀರಿಕೊಂಡರು. ಅಂಥ ಜಾಗಕ್ಕೆ ಕೋಟಣೀಸರು ಹೋದರು. 1940ರಲ್ಲಿ ಹದಿಮೂರು ದಿನ ನಡೆದ ಒಂದು ಕಾಳಗದಲ್ಲಿ ಅವರ ಕೈಗೆ ಬಂದ ಗಾಯಾಳುಗಳು 800ಕ್ಕೂ ಹೆಚ್ಚು. ಒಮ್ಮೆ 72 ತಾಸು ನಿದ್ದೆಯಿಲ್ಲದೆ ಆಪರೇಷನ್ ಮಾಡಿದರೆಂದು ದಾಖಲಾಗಿದೆ. ಮೂರು ದಿನ ಕಣ್ಣು ಮುಚ್ಚದ ಕೈ ನಡುಗಲಾರದೆ? ಆದರೆ ಬೇರೆ ಕೈ ಎಲ್ಲಿತ್ತು? ಜೋಡಿ ಪಾಳಿ ಮಾಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು. 1942ರ ಡಿಸೆಂಬರ್ 9ರಂದು ಮೂರ್ಛೆರೋಗದಿಂದ ತೀರಿಕೊಂಡಾಗ ವಯಸ್ಸು ಮೂವತ್ತೆರಡು. ಮಡದಿ ಚೀನಾದವರು, ಮಗು ಕೆಲವೇ ತಿಂಗಳ ಕೂಸು. ಉಳಿದ ನಾಲ್ವರು ಡಾಕ್ಟರರು ಊರಿಗೆ ಬಂದರು, ಇವರೊಬ್ಬರು ಬರಲಿಲ್ಲ. ನಮ್ಮ ಕೊಲ್ಲಾಪುರದಲ್ಲಿ ಹುಟ್ಟಿದ ವ್ಹಿ. ಶಾಂತಾರಾಮರು 1946ರಲ್ಲಿ ಇವರ ಮೇಲೆ ಚಿತ್ರ ತೆಗೆದು, ತಾವೇ ಕೋಟಣೀಸರ ಪಾತ್ರ ಮಾಡಿದರು.

ಇನ್ನೊಂದು ಸಂಗತಿ ನಮ್ಮ ದೇಶದ ಯುದ್ಧದ್ದು. ಇಲ್ಲಿ ಡಾಕ್ಟರೇ ಶತ್ರು. 1971ರ ಡಿಸೆಂಬರಿನಲ್ಲಿ, ಇಂದು ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್‌ನಲ್ಲಿ ಗೂರ್ಖಾ ರೈಫಲ್ಸಿನ ಮೇಜರ್ ಇಯಾನ್ ಕಾರ್ಡೋಜೊ ನೆಲಬಾಂಬಿನ ಮೇಲೆ ಕಾಲಿಟ್ಟರು. ಕಾಲು ಛಿದ್ರವಾಯಿತು. ಅವರ ತುಕಡಿಯ ಡಾಕ್ಟರಲ್ಲಿ ನೋವಿನ ಮದ್ದೂ ಇರಲಿಲ್ಲ, ಕತ್ತರಿಸುವ ಸಲಕರಣೆಯೂ ಇರಲಿಲ್ಲ. ಮೇಜರು ತಮ್ಮ ಸಹಾಯಕ ಸಿಪಾಯಿಗೆ ಕುಕ್ರಿಯಿಂದ ಕಡಿಯಲು ಹೇಳಿದರು, ಅವನಿಗೆ ಕೈ ಬರಲಿಲ್ಲ. ಕೊನೆಗೆ ಕುಕ್ರಿ ತೆಗೆದುಕೊಂಡು ತಮ್ಮ ಕಾಲನ್ನು ತಾವೇ ಕಡಿದುಕೊಂಡರು.

ಆಮೇಲೆ ಸರಿಯಾದ ಆಪರೇಷನ್ ಆಗಬೇಕಿತ್ತು. ಸಾಗಿಸಲು ಹೆಲಿಕಾಪ್ಟರ್ ಇಲ್ಲ. ಅಲ್ಲಿದ್ದ ಶಸ್ತ್ರವೈದ್ಯರು ಸೆರೆಸಿಕ್ಕ ಪಾಕಿಸ್ತಾನದ ಮೇಜರ್ ಮಹಮ್ಮದ್ ಬಶೀರ್. ಕಾರ್ಡೋಜೊ ಮೊದಲು ಬೇಡವೆಂದರು. ಬೇರೆ ದಾರಿಯಿಲ್ಲವೆಂದು ಮೇಲಧಿಕಾರಿ ತಿಳಿಸಿದಾಗ ಎರಡು ಷರತ್ತು ಹಾಕಿದರು. ಪಾಕಿಸ್ತಾನಿಯ ರಕ್ತ ಕೊಡಕೂಡದು, ಆಪರೇಷನ್ ನಡೆಯುವಾಗ ಮೇಲಧಿಕಾರಿ ಹತ್ತಿರ ಇರಬೇಕು. ಬಶೀರ್ ಆಪರೇಷನ್ ಮಾಡಿದರು, ಚೆನ್ನಾಗಿಯೇ ಮಾಡಿದರು. ಸೋತ ಸೈನ್ಯದ ಸೆರೆಯಾಳು, ಗೆದ್ದವರ ಅಧಿಕಾರಿಯ ಕಾಲಿಗೆ ಹೊಲಿಗೆ ಹಾಕುತ್ತಿದ್ದಾನೆ! ಕಾರ್ಡೋಜೊ ಮುಂದೆ ಕೃತಕ ಕಾಲಿನಲ್ಲೇ ಬೆಟಾಲಿಯನ್ನನ್ನೂ ಬ್ರಿಗೇಡನ್ನೂ ನಡೆಸಿ ಮೇಜರ್ ಜನರಲ್ ಆಗಿ ನಿವೃತ್ತರಾದರು. ಬಶೀರರಿಗೆ ವಂದನೆ ಹೇಳಲಾಗಲಿಲ್ಲವೆಂಬ ಕೊರಗನ್ನು ತಾವೇ ತೋಡಿಕೊಂಡಿದ್ದಾರೆ.

ರಕ್ತದ ಷರತ್ತು ನನಗೆ ಸರಿಯೆನಿಸುವುದಿಲ್ಲ. ರಕ್ತಕ್ಕೆ ಗುಂಪು ಉಂಟು, ದೇಶವಿಲ್ಲ. ಆದರೂ ಪ್ರಜ್ಞೆಯಿರುವ ಮನುಷ್ಯ ತನ್ನ ದೇಹದ ಬಗ್ಗೆ ಹೇಳಿದ ಮಾತನ್ನು ಡಾಕ್ಟರು ಮೀರುವಂತಿಲ್ಲ. ರಣರಂಗದಲ್ಲಿಯೇ ಆ ಮಾತು ನಡೆಯಿತಲ್ಲ! ನಮ್ಮ ಜನರಿಂದ ದವಾಖಾನೆಯಲ್ಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಏನು ಕೊಯ್ಯುತ್ತಾರೆ, ಏಕೆ ಕೊಯ್ಯುತ್ತಾರೆ ಎಂದು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ತಾಯಂದಿರೇ, ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮೊದಲು ಅದನ್ನು ಓದಿ ಹೇಳಿರಿ ಎಂದು ಕೇಳಿರಿ. ಅದು ಉದ್ಧಟತನವಲ್ಲ.

ಈಗ ನಮ್ಮ ರಣರಂಗಕ್ಕೆ ಬರೋಣ. ಕೆಲಸದವರನ್ನು ತುಂಬಿಕೊಂಡ ಜೀಪು ಘಾಟಿಯ ತಿರುವಿನಲ್ಲಿ ಮಗುಚಿತು ಎನ್ನಿ. ಹನ್ನೊಂದು ಜನ ಬಿದ್ದಿದ್ದಾರೆ. ಡಾಕ್ಟರು ದೂರ. ಆ ಅರ್ಧ ತಾಸು ಡಾಕ್ಟರು ನೀವೇ. 2020ರ ಜೂನ್ 15ರ ರಾತ್ರಿ ಗಲ್ವಾನ್‌ನಲ್ಲಿ, ತಾನೇ ಗಾಯಗೊಂಡಿದ್ದರೂ ಮೂವತ್ತಕ್ಕೂ ಹೆಚ್ಚು ಸೈನಿಕರಿಗೆ ಚಿಕಿತ್ಸೆ ಕೊಟ್ಟು ಪ್ರಾಣಬಿಟ್ಟ ನಾಯಕ್ ದೀಪಕ್ ಸಿಂಗ್ ಕೂಡ ಡಾಕ್ಟರರಲ್ಲ, ನರ್ಸಿಂಗ್ ಸಹಾಯಕ.

ಜೋರಾಗಿ ಕೂಗುವವನ ಬಳಿಗೆ ಎಲ್ಲರೂ ಓಡುತ್ತಾರೆ. ಕೂಗುತ್ತಿದ್ದಾನೆ ಎಂದರೆ ಉಸಿರಾಡುತ್ತಿದ್ದಾನೆ. ಸದ್ದಿಲ್ಲದೆ ಬಿದ್ದವರನ್ನು ಮೊದಲು ನೋಡಿರಿ, ಉಸಿರು ಇದೆಯೇ, ಬಾಯಲ್ಲಿ ಮಣ್ಣೋ ರಕ್ತವೋ ಕಟ್ಟಿದೆಯೇ ಎಂದು. ಚಿಮ್ಮುವ ರಕ್ತದ ಮೇಲೆ ಬಟ್ಟೆ ಮಡಿಸಿಟ್ಟು ಗಟ್ಟಿಯಾಗಿ ಒತ್ತಿರಿ, ಕೈ ತೆಗೆಯಬೇಡಿರಿ. ಗಾಯದಲ್ಲಿ ನಾಟಿಕೊಂಡ ಕಬ್ಬಿಣವನ್ನೋ ಕಟ್ಟಿಗೆಯನ್ನೋ ಎಳೆಯಬೇಡಿರಿ. 108ಕ್ಕೆ ಫೋನು ಮಾಡಿದಾಗ ಎಷ್ಟು ಜನ, ಅವರಲ್ಲಿ ಎಷ್ಟು ಜನರಿಗೆ ಮಾತು ನಿಂತಿದೆ ಎಂದು ಹೇಳಿರಿ. ಮೊದಲ ಗಾಡಿ ಬಂದಾಗ ಮೇಸ್ತ್ರಿಯ ಮಗ ಎಂದೋ, ರೈಟರರ ಕಡೆಯವರು ಎಂದೋ ಯಾರಾದರೂ ಮುಂದೆ ತಳ್ಳಿದರೆ ಅಡ್ಡ ನಿಲ್ಲಿರಿ. ನಿಮ್ಮ ಸ್ವಂತ ತಮ್ಮನೇ ಕೈ ಮುರಿದುಕೊಂಡು ಕುಳಿತಿದ್ದು, ಪಕ್ಕದಲ್ಲಿ ಪರಿಚಯವಿಲ್ಲದ ಹೆಣ್ಣಾಳಿಗೆ ಉಸಿರು ಕಟ್ಟುತ್ತಿದ್ದರೆ, ಗಾಡಿ ಅವಳಿಗೆ. ತಮ್ಮನಿಗೆ ಇದನ್ನು ನೀವೇ ಹೇಳಬೇಕಾಗುತ್ತದೆ.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ದಾದಿಯೊಬ್ಬರು ಇಲ್ಲಿಗೆ ಬಂದು ಪಟ್ಟಿ ಕಟ್ಟುವುದನ್ನು, ಎರಡು ಬಿದಿರು ಗಳ ಮತ್ತು ಕಂಬಳಿಯಿಂದ ಡೋಲಿ ಮಾಡುವುದನ್ನು ತೋರಿಸುತ್ತಾರೆ. ಮನೆಗೆ ಒಬ್ಬರಾದರೂ ಬನ್ನಿರಿ. ಬರುವಾಗ ಹಳೆಯ ಸೀರೆಯದೊಂದು ಒಗೆದ ತುಂಡನ್ನು ತನ್ನಿರಿ.