ಶುಂಠಿಯ ಹೆಸರಿನ ಬೇರು

ಮಳೆಗಾಲದ ಸಂಜೆ ಕೊಡಗಿನ ಮನೆಗಳಲ್ಲಿ ಶುಂಠಿ ಜಜ್ಜುವ ಸದ್ದು ಕೇಳುವುದು ಸಾಮಾನ್ಯ. ಈ ಶುಂಠಿಯನ್ನು ಪ್ರಾಚೀನ ಗ್ರೀಕರು 'ಜಿಂಗಿಬೆರಿಸ್' ಎಂದು ಕರೆದರು. ಕ್ರಿ. ಶ. 1ನೆಯ ಶತಮಾನದ ವೈದ್ಯ ಡಯಾಸ್ಕೊರಿಡೀಸನ ಗ್ರಂಥದಲ್ಲಿ ಈ ಹೆಸರುಂಟು. ಆದರೆ ಅದು ಬೆಳೆಯುವುದು ಅರೇಬಿಯದ ಕಡೆ ಎಂದು ಆತ ನಂಬಿದ್ದ. ಸರಕು ಅವರಿಗೆ ಮುಟ್ಟುತ್ತಿದ್ದುದು ಆ ದಾರಿಯಾಗಿ.

ಹೆಸರು ಮಾತ್ರ ಎಲ್ಲಿಯದು? ಅಮರಕೋಶದಲ್ಲಿ ಹಸಿಶುಂಠಿಗೆ 'ಆರ್ದ್ರಕ', 'ಶೃಂಗವೇರ' ಎಂಬ ಪದಗಳಿವೆ. ಶೃಂಗವೆಂದರೆ ಕೊಂಬು, ವೇರವೆಂದರೆ ಶರೀರ. ಕೊಂಬಿನಂಥ ಶರೀರವುಳ್ಳದ್ದು ಎಂದು ಗುರುಗಳು ನನಗೆ ಬಿಡಿಸಿ ಹೇಳಿದ್ದರು. ನಾನೂ ಅನೇಕ ವರ್ಷ ತರಗತಿಯಲ್ಲಿ ಹಾಗೆಯೇ ಹೇಳಿದೆ. ಒಂದು ದಿನ ಮಲಯಾಳ ಮನೆಮಾತಿನ ಹುಡುಗನೊಬ್ಬ ಎದ್ದು, "ಸಾರ್, ನಮ್ಮ ಮನೆಯಲ್ಲಿ ಶುಂಠಿಗೆ ಇಂಜಿ ಎನ್ನುತ್ತೇವೆ, ಬೇರಿಗೆ ವೇರ್ ಎನ್ನುತ್ತೇವೆ" ಎಂದ. ತರಗತಿ ನಕ್ಕಿತು, ನನಗೆ ನಗಲಾಗಲಿಲ್ಲ.

ಭಾಷಾಶಾಸ್ತ್ರಜ್ಞರ ಮತವೂ ಅದೇ. ಇಂಗ್ಲೆಂಡಿನ ಅಲನ್ ರಾಸ್ ಈ ಒಂದು ಪದದ ಮೇಲೆಯೇ 1952ರಲ್ಲಿ ಪುಸ್ತಕ ಬರೆದರು. ಹಳೆಯ ದ್ರಾವಿಡದ 'ಚಿಂಕಿ'ಯಂಥ ಪದಕ್ಕೆ 'ವೇರ್' ಸೇರಿತು. ಅದು ಪಾಲಿಯಲ್ಲಿ 'ಸಿಂಗಿವೇರ'ವಾಯಿತು. ಅಂಥದೇ ಪ್ರಾಕೃತ ರೂಪ ಗ್ರೀಕಿಗೆ ಹೋಯಿತು. ತಮಿಳು ಮಲಯಾಳಗಳಲ್ಲಿ ಆದಿಯ ಚಕಾರ ಲೋಪವಾಗಿ 'ಇಂಜಿ' ಉಳಿಯಿತು. ಸಂಸ್ಕೃತದ ಕೊಂಬು ಆಮೇಲೆ ಮೂಡಿದ್ದು. ಇಂಗ್ಲಿಷಿನ 'ಜಿಂಜರ್' ಕೂಡ ಇದೇ ವಂಶದ್ದು.

ಮರುದಿನ ಕರಿಹಲಗೆಯ ಮೇಲೆ ನನ್ನ ಪಾಠವನ್ನು ನಾನೇ ತಿದ್ದಿ ಬರೆದೆ. ಗ್ರೀಕರ ಆ ಪದದ ಕೊನೆಯಲ್ಲಿರುವುದು ನಮ್ಮ 'ಬೇರು'.